ಹಸಿವಿನ ನರಕೋಶಗಳ ಉರಿಯೂತ: ಇಲಿಗೆ ಸಿಕ್ಕ ಮದ್ದು ನಮಗಿನ್ನೂ ಯಾಕೆ ಸಿಕ್ಕಿಲ್ಲ?

ಐದು ದಿನ ಚಾಕೊಲೇಟು, ಚಿಪ್ಸು ಕಂಡಾಬಟ್ಟೆ ತಿಂದರೆ ಏನಾಗುತ್ತದೆ? ತೂಕದ ಯಂತ್ರದ ಮೇಲೆ ನಿಂತು ನೋಡಿದರೆ ಬಹುಶಃ ಏನೂ ಗೊತ್ತಾಗುವುದಿಲ್ಲ. ಜರ್ಮನಿಯ ಟ್ಯೂಬಿಂಗನ್‌ನ ಸಂಶೋಧಕರು 29 ಮಂದಿ ಆರೋಗ್ಯವಂತ ಯುವಕರನ್ನು ಸೇರಿಸಿಕೊಂಡು, ಅವರಲ್ಲಿ 18 ಮಂದಿಗೆ ಮಾಮೂಲಿ ಊಟದ ಜೊತೆಗೆ ಇಂಥ ಕುರುಕಲು ತಿಂಡಿ ಕೊಟ್ಟು ದಿನಕ್ಕೆ 1,500 ಕ್ಯಾಲೊರಿಯಷ್ಟು ಹೆಚ್ಚುವರಿ ತಿನ್ನಿ ಎಂದರು. ಐದು ದಿನ ಮುಗಿದಾಗ ತೂಕ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಯಕೃತ್ತಿನಲ್ಲಿ ಮಾತ್ರ ಕೊಬ್ಬು ಏರಿತ್ತು. ಮೂಗಿಗೆ ಇನ್ಸುಲಿನ್ ಸಿಂಪಡಿಸಿ ಮಿದುಳಿನ ಸ್ಕ್ಯಾನ್ ತೆಗೆದಾಗ, ಇನ್ಸುಲಿನ್‌ಗೆ ಮಿದುಳು ಸ್ಪಂದಿಸುವ ರೀತಿಯೂ ಬದಲಾಗಿತ್ತು. ಮಾಮೂಲಿ ಊಟಕ್ಕೆ ಮರಳಿ ಒಂದು ವಾರವಾದರೂ ಅದು ಪೂರ್ತಿ ಹಳೆಯ ಸ್ಥಿತಿಗೆ ಬಂದಿರಲಿಲ್ಲ. 2025ರಲ್ಲಿ ಪ್ರಕಟವಾದ ಈ ಅಧ್ಯಯನ ಅಳೆದದ್ದು ಇನ್ಸುಲಿನ್ ಸ್ಪಂದನವನ್ನು, ಉರಿಯೂತವನ್ನಲ್ಲ. ಆದರೂ ಇಪ್ಪತ್ತು ವರ್ಷಗಳಿಂದ ವಿಜ್ಞಾನಿಗಳು ಬೆನ್ನುಹತ್ತಿರುವ ಪ್ರಶ್ನೆಯ ಬಾಗಿಲಿಗೇ ಇದು ನಮ್ಮನ್ನು ತಂದು ನಿಲ್ಲಿಸುತ್ತದೆ: ಮೈ ದಪ್ಪವಾಗುವ ಮೊದಲೇ ಮಿದುಳು ಕೆಡುತ್ತದೆಯೇ? ಕೆಡುವುದಾದರೆ ಅದನ್ನು ಔಷಧದಿಂದ ಸರಿಪಡಿಸಬಹುದೇ?

ಪ್ರಶ್ನೆ ಸುತ್ತುವುದು ಹೈಪೋಥಲಾಮಸ್ ಎಂಬ ಭಾಗದ ಸುತ್ತ. ಮಿದುಳಿನ ತಳದಲ್ಲಿರುವ ಇದರ ತೂಕ ನಾಲ್ಕು ಗ್ರಾಮಿನ ಆಸುಪಾಸು. ಅದರಲ್ಲೂ ಆರ್ಕ್ಯುಯೇಟ್ ನ್ಯೂಕ್ಲಿಯಸ್ ಎಂಬ ಸಣ್ಣ ಮೂಲೆಯಲ್ಲಿ ಎರಡು ಜಾತಿಯ ನರಕೋಶಗಳು ಅಕ್ಕಪಕ್ಕದಲ್ಲಿವೆ. ಎಜಿಆರ್‌ಪಿ ಕೋಶಗಳು ಹಸಿವು ಹುಟ್ಟಿಸುತ್ತವೆ, ಪಿಒಎಂಸಿ ಕೋಶಗಳು ಸಾಕು ಎನ್ನಿಸುತ್ತವೆ. ಎಜಿಆರ್‌ಪಿ ಕೋಶಗಳ ಹಿಡಿತ ಎಷ್ಟು ಬಿಗಿ ಎಂದರೆ, ಬೆಳೆದ ಇಲಿಯಲ್ಲಿ ಅವನ್ನು ಕೊಂದುಬಿಟ್ಟರೆ ಮುಂದೆ ಆಹಾರವಿದ್ದರೂ ಅದು ತಿನ್ನದೆ ಸೊರಗಿ ಸಾಯುತ್ತದೆ. ಅವೇ ಕೋಶಗಳನ್ನು ಬೆಳಕು ಹಾಯಿಸಿ ಕೆರಳಿಸಿದರೆ, ಹೊಟ್ಟೆ ತುಂಬಿರುವ ಇಲಿ ಕೆಲವೇ ನಿಮಿಷದಲ್ಲಿ ಮತ್ತೆ ಮೇಯಲು ಶುರುಮಾಡುತ್ತದೆ. "ಬಾಯಿ ಕಟ್ಟಿದರೆ ಎಲ್ಲ ಸರಿಯಾಗುತ್ತದೆ" ಎಂದು ದಪ್ಪಗಿರುವವರಿಗೆ ಬುದ್ಧಿ ಹೇಳುವ ನೆಂಟರಿಗೆ ಈ ಪ್ರಯೋಗದ ವಿಡಿಯೋ ತೋರಿಸಬೇಕು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಲೆಪ್ಟಿನ್ ಇದ್ದೂ ಕೇಳಿಸದ ಕಿವಿ

ಮೈಯಲ್ಲಿ ಎಷ್ಟು ಕೊಬ್ಬಿದೆ ಎಂಬ ಲೆಕ್ಕ ಈ ಕೋಶಗಳಿಗೆ ತಲುಪುವುದು ಹೇಗೆ? ಅಮೆರಿಕದ ಮೇಯ್ನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿ ಡಗ್ಲಸ್ ಕೋಲ್ಮನ್ ಇದಕ್ಕೆ ಉತ್ತರ ಹುಡುಕಿದ ಬಗೆ ಸ್ವಲ್ಪ ಭಯಂಕರವಾದದ್ದು. ಎರಡು ಇಲಿಗಳ ಪಕ್ಕೆಗಳನ್ನು ಹೊಲಿದು, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡುತ್ತಿದ್ದರು. ಹುಟ್ಟಿನಿಂದಲೇ ದಢೂತಿಯಾಗುವ ಎರಡು ತಳಿಗಳು ಅಲ್ಲಿದ್ದವು, ಒಬಿ ಮತ್ತು ಡಿಬಿ. ಡಿಬಿ ಇಲಿಯನ್ನು ಸಾಮಾನ್ಯ ಇಲಿಗೆ ಹೊಲಿದಾಗ ಸಾಮಾನ್ಯ ಇಲಿ ಊಟ ಬಿಟ್ಟು ಸತ್ತಿತು, ಡಿಬಿ ಮಾತ್ರ ಎಂದಿನಂತೆ ತಿನ್ನುತ್ತಲೇ ಇತ್ತು. ಒಬಿಯನ್ನು ಸಾಮಾನ್ಯ ಇಲಿಗೆ ಹೊಲಿದಾಗ ಒಬಿಯ ತಿನ್ನಾಟವೇ ಇಳಿಯಿತು. ಅಂದರೆ "ಸಾಕು" ಎನ್ನುವ ಯಾವುದೋ ವಸ್ತು ರಕ್ತದಲ್ಲಿ ಓಡಾಡುತ್ತದೆ. ಒಬಿಗೆ ಆ ವಸ್ತು ಇಲ್ಲ. ಡಿಬಿಯಲ್ಲಿ ಅದು ಬೇಕಾದಷ್ಟಿದೆ, ಆದರೆ ಡಿಬಿಯ ಮಿದುಳಿಗೆ ಅದು ತಾಗುವುದಿಲ್ಲ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಆ ವಸ್ತುವಿನ ಜೀನನ್ನು ಪತ್ತೆ ಹಚ್ಚಿತು. ಕೊಬ್ಬಿನ ಕೋಶಗಳೇ ಸುರಿಸುವ ಆ ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರಾಯಿತು.

ಮುಂದಿನ ವರ್ಷವೇ ಆಮ್‌ಜೆನ್ ಕಂಪನಿ ಎರಡು ಕೋಟಿ ಡಾಲರ್ ಕೊಟ್ಟು ಅದರ ಹಕ್ಕು ಪಡೆಯಿತು. ಬೊಜ್ಜಿಗೆ ಮದ್ದು ಸಿಕ್ಕಿತೆಂದೇ ಜಗತ್ತು ನಂಬಿತ್ತು. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಕೆಲವೇ ಮಕ್ಕಳಿಗೆ ಅದು ನಿಜಕ್ಕೂ ಸಂಜೀವಿನಿಯಾಯಿತು. ಅಂಥ ಮೊದಲ ಇಬ್ಬರನ್ನು 1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ತಂಡ ಗುರುತಿಸಿತು. ಉಳಿದ ಬೊಜ್ಜಿನವರ ವಿಷಯದಲ್ಲಿ ಎಣಿಕೆ ತಲೆಕೆಳಗಾಯಿತು. ಅವರ ರಕ್ತದಲ್ಲಿ ಲೆಪ್ಟಿನ್ ಕಡಿಮೆ ಇರಲಿಲ್ಲ, ಹೆಚ್ಚೇ ಇತ್ತು. ಕೊಬ್ಬು ಹೆಚ್ಚಿದ್ದಷ್ಟೂ ಲೆಪ್ಟಿನ್ ಹೆಚ್ಚು. ಹೊರಗಿನಿಂದ ಇನ್ನಷ್ಟು ಚುಚ್ಚಿದರೂ ಬಹುಪಾಲು ಜನರಲ್ಲಿ ಹೇಳಿಕೊಳ್ಳುವಂಥ ಫಲ ಬರಲಿಲ್ಲ. ಸಂದೇಶ ಹೋಗುತ್ತಿದೆ, ಕೇಳಿಸಿಕೊಳ್ಳುವವರಿಲ್ಲ. ಇದನ್ನೇ ಲೆಪ್ಟಿನ್ ಪ್ರತಿರೋಧ ಎನ್ನುತ್ತಾರೆ.

ಕಿವಿ ಕೆಟ್ಟದ್ದು ಯಾಕೆ ಎಂಬುದಕ್ಕೆ 2005ರಲ್ಲಿ ಬ್ರೆಜಿಲ್‌ನ ಕಂಪೀನಸ್ ವಿಶ್ವವಿದ್ಯಾಲಯದಿಂದ ಒಂದು ಉತ್ತರ ಬಂತು. ಲಿಸಿಯೊ ವೆಲ್ಲೊಸೊ ಅವರ ತಂಡ ಇಲಿಗಳಿಗೆ ವಾರಗಟ್ಟಲೆ ಜಿಡ್ಡಿನ ಆಹಾರ ಹಾಕಿ, ಹೈಪೋಥಲಾಮಸ್‌ನಲ್ಲಿ ಯಾವ ಜೀನುಗಳು ಎಚ್ಚೆತ್ತಿವೆ ಎಂದು ನೋಡಿತು. ಮುಂಚೂಣಿಯಲ್ಲಿದ್ದವು ಉರಿಯೂತದ ಜೀನುಗಳು. ಗಾಯವಾದಾಗ, ಸೋಂಕು ತಗುಲಿದಾಗ ಮೈ ಹೊರಡಿಸುವ ಸೈನ್ಯ ಇಲ್ಲಿ ಗಾಯವೂ ಸೋಂಕೂ ಇಲ್ಲದೆ ಬೀಡುಬಿಟ್ಟಿತ್ತು. ಕಾಲು ಉಳುಕಿದಾಗ ಕಾಣುವ ಊತ, ಕೆಂಪು, ನೋವು ಇದರಲ್ಲಿಲ್ಲ. ಇದು ಬೂದಿ ಮುಚ್ಚಿದ ಕೆಂಡ.

ಒಳಗೆ ನಡೆಯುವುದು ಸುಮಾರಾಗಿ ಹೀಗೆ. ಲೆಪ್ಟಿನ್ ಬಂದು ನರಕೋಶದ ಹೊರಮೈಯಲ್ಲಿರುವ ಗ್ರಾಹಿಗೆ ಅಂಟಿಕೊಂಡಾಗ, ಒಳಗಿನ ಜಾಕ್-2, ಸ್ಟ್ಯಾಟ್-3 ಎಂಬ ಪ್ರೋಟೀನುಗಳು ಆ ಸುದ್ದಿಯನ್ನು ಕೋಶಕೇಂದ್ರಕ್ಕೆ ಒಯ್ಯುತ್ತವೆ. ಪಾಮಿಟಿಕ್ ಆಮ್ಲದಂಥ ಸ್ಯಾಚುರೇಟೆಡ್ ಕೊಬ್ಬು ವಿಪರೀತವಾದಾಗ ಟಿಎಲ್‌ಆರ್-4 ಎಂಬ ಇನ್ನೊಂದು ಗ್ರಾಹಿ ಕೆರಳುತ್ತದೆ. ಅದರ ಅಸಲಿ ಕೆಲಸ ಬ್ಯಾಕ್ಟೀರಿಯಾಗಳನ್ನು ಗುರುತಿಸುವುದು. ಅಲ್ಲಿಂದ ಐಕೆಕೆ-ಬೀಟಾ, ಅದರ ಬೆನ್ನಿಗೆ ಎನ್‌ಎಫ್-ಕಪ್ಪಾ-ಬಿ ಎಚ್ಚೆತ್ತು ಸಾಕ್ಸ್-3 ಎಂಬ ಪ್ರೋಟೀನು ತಯಾರಾಗುತ್ತದೆ. ಸಾಕ್ಸ್-3 ಬಂದು ಲೆಪ್ಟಿನ್‌ನ ಸುದ್ದಿ ಸಾಗುವ ದಾರಿಯನ್ನೇ ಅಡ್ಡಗಟ್ಟುತ್ತದೆ. ಇದೇ ಹೊತ್ತಿಗೆ, ಪ್ರೋಟೀನುಗಳನ್ನು ಮಡಚಿ ಸರಿಯಾದ ಆಕಾರಕ್ಕೆ ತರುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಕೋಶಾಂಗವೂ ಒತ್ತಡಕ್ಕೆ ಸಿಕ್ಕಿ ನಲುಗುತ್ತದೆ. ಈ ಸರಪಳಿಯ ಐಕೆಕೆ-ಬೀಟಾ ಕೊಂಡಿಯನ್ನು ಹೈಪೋಥಲಾಮಸ್‌ನಲ್ಲಷ್ಟೇ ಮುರಿದರೆ ಇಲಿ ದಪ್ಪವಾಗುವುದು ತಗ್ಗುತ್ತದೆ ಎಂದು 2008ರಲ್ಲಿ ಡಾಂಗ್‌ಶೆಂಗ್ ಕಾಯ್ ತಂಡ ತೋರಿಸಿತು. ಔಷಧದ ಆಸೆ ಚಿಗುರಿದ್ದು ಅಲ್ಲಿಂದ.

2012ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೋಶುವಾ ಥೇಲರ್, ಮೈಕೆಲ್ ಶ್ವಾರ್ಟ್ಸ್ ತಂಡ ಸೇರಿಸಿದ ಸಂಗತಿ ಇನ್ನೂ ಕಸಿವಿಸಿ ಹುಟ್ಟಿಸುವಂಥದ್ದು. ಜಿಡ್ಡಿನ ಆಹಾರ ಶುರುವಾದ ಒಂದರಿಂದ ಮೂರು ದಿನದೊಳಗೇ ಹೈಪೋಥಲಾಮಸ್‌ನಲ್ಲಿ ಉರಿಯೂತದ ಗುರುತುಗಳು ಕಂಡವು. ಯಕೃತ್ತಿನಲ್ಲಿ, ಕೊಬ್ಬಿನ ಪದರದಲ್ಲಿ ಅದು ಕಾಣಿಸಿಕೊಳ್ಳಲು ವಾರಗಳೇ ಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಮೊದಲು ಎದ್ದ ಉರಿಯೂತ ಕೆಲ ದಿನದಲ್ಲಿ ತಾನಾಗಿ ಅಡಗಿ, ಆಹಾರ ಅದೇ ಮುಂದುವರಿದಾಗ ಕೆಲ ವಾರಗಳ ನಂತರ ಮತ್ತೆ ಎದ್ದು ಅಲ್ಲೇ ನೆಲೆಯೂರಿತು. ನಡುವಿನ ಈ ವಿರಾಮ ಮಿದುಳು ತನ್ನನ್ನು ಕಾಪಾಡಿಕೊಳ್ಳಲು ನಡೆಸಿದ ಪ್ರಯತ್ನವಿರಬಹುದು ಎಂಬುದು ಸಂಶೋಧಕರ ಊಹೆ. ಅದೇ ತಂಡ ಬೊಜ್ಜಿರುವ ಮನುಷ್ಯರ ಎಂಆರ್‌ಐ ಚಿತ್ರಗಳಲ್ಲೂ ಹೈಪೋಥಲಾಮಸ್‌ನಲ್ಲಿ ಗ್ಲಿಯೋಸಿಸ್ ಎನ್ನುವ, ಗಾಯದ ಕಲೆಯನ್ನು ಹೋಲುವ ಬದಲಾವಣೆಯ ಸುಳಿವು ಕಂಡಿತು.

ಇಲ್ಲಿ ಸಣ್ಣದೊಂದು ತಕರಾರು ಹೇಳಿಬಿಡುತ್ತೇನೆ. ಪ್ರಯೋಗಾಲಯದ "ಜಿಡ್ಡಿನ ಆಹಾರ"ದಲ್ಲಿ ಸಾಮಾನ್ಯವಾಗಿ ಶೇ 60ರಷ್ಟು ಕ್ಯಾಲೊರಿ ಕೊಬ್ಬಿನಿಂದಲೇ ಬರುತ್ತದೆ, ಅದರಲ್ಲಿ ದೊಡ್ಡ ಪಾಲು ಹಂದಿಕೊಬ್ಬು. ಅಷ್ಟು ಜಿಡ್ಡನ್ನು ಅನ್ನ, ಮುದ್ದೆ, ರೊಟ್ಟಿ ತಿನ್ನುವ ಯಾರೂ ಉಣ್ಣುವುದಿಲ್ಲ. ಜೊತೆಗೆ, ತಪ್ಪು ಜಿಡ್ಡಿನದೊಂದೇ ಅಲ್ಲ ಎಂದು 2017ರ ಒಂದು ಅಧ್ಯಯನ ಹೇಳಿತು. ಕೊಬ್ಬಿನ ಜೊತೆ ಸಕ್ಕರೆಯೂ ಸೇರಿದ ಆಹಾರ ತಿಂದ ಇಲಿಗಳಲ್ಲಿ ಹೈಪೋಥಲಾಮಸ್‌ನ ಉರಿಯೂತ ಕಂಡಿತು. ಕೊಬ್ಬು ವಿಪರೀತವಿದ್ದು ಕಾರ್ಬೋಹೈಡ್ರೇಟ್ ತೀರಾ ಕಡಿಮೆಯಿದ್ದ ಆಹಾರದಲ್ಲಿ ಇಲಿ ದಪ್ಪವಾದರೂ ಆ ಉರಿಯೂತ ಅಷ್ಟಾಗಿ ಕಾಣಲಿಲ್ಲ. ತುಪ್ಪ, ಸಕ್ಕರೆ ಎರಡೂ ಧಾರಾಳವಾಗಿರುವ ಮೈಸೂರು ಪಾಕಿನ ಪ್ರಿಯರಿಗೆ ಇದು ಸಂತೋಷದ ಸುದ್ದಿಯಲ್ಲ. ಆದರೆ ಇದೂ ಇಲಿಯ ಲೆಕ್ಕವೇ.

ಬಳ್ಳಿಯಿಂದ ಒಂದು, ಹಿರೇಮದ್ದಿನಿಂದ ಇನ್ನೊಂದು

ಔಷಧದ ಹುಡುಕಾಟದಲ್ಲಿ ಹೆಚ್ಚು ಸದ್ದು ಮಾಡಿದ್ದು ಬಾಸ್ಟನ್ ಮಕ್ಕಳ ಆಸ್ಪತ್ರೆಯ ಉಮುಟ್ ಓಜ್ಕಾನ್ ಅವರ ತಂಡ. ಅವರು ಹಿಡಿದದ್ದು, ಪ್ರೋಟೀನು ಮಡಚುವ ಆ ಕೋಶಾಂಗದ ಒತ್ತಡದ ಎಳೆಯನ್ನು. ಆ ಒತ್ತಡವನ್ನು ತಗ್ಗಿಸುವ ಎರಡು ರಾಸಾಯನಿಕಗಳನ್ನು ಕೊಟ್ಟಾಗ ದಪ್ಪ ಇಲಿಗಳು ಲೆಪ್ಟಿನ್‌ಗೆ ಮತ್ತೆ ಸ್ಪಂದಿಸಿದವು. ಆದರೆ ಅದಕ್ಕೆ ಬೇಕಾದ ಪ್ರಮಾಣ ದೊಡ್ಡದು, ಫಲ ಸಾಧಾರಣ. ಹಾಗಾಗಿ ಅವರು ಬೇರೆ ದಾರಿ ಹಿಡಿದರು. ಆ ಎರಡು ರಾಸಾಯನಿಕ ಕೊಟ್ಟಾಗ ಯಾವ ಜೀನು ಏರುತ್ತದೆ, ಯಾವುದು ಇಳಿಯುತ್ತದೆ ಎಂಬ ವಿನ್ಯಾಸವನ್ನು ತೆಗೆದುಕೊಂಡು, ಸಾವಿರಕ್ಕೂ ಹೆಚ್ಚು ವಸ್ತುಗಳ ಜೀನು ವಿನ್ಯಾಸ ಕೂಡಿಟ್ಟಿರುವ ಒಂದು ಸಾರ್ವಜನಿಕ ದತ್ತಾಂಶದಲ್ಲಿ ಇದಕ್ಕೆ ಹೊಂದುವುದು ಯಾವುದೆಂದು ಕಂಪ್ಯೂಟರಿನಲ್ಲಿ ಹುಡುಕಿದರು. ಮೇಲೆ ಬಂದ ಹೆಸರು ಸೆಲಾಸ್ಟ್ರಾಲ್. ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಸಂಧಿವಾತಕ್ಕೆ ಬಳಸುವ "ಲೇ ಗಾಂಗ್ ಟೆಂಗ್" ಎಂಬ ಬಳ್ಳಿಯ ಬೇರಿನಲ್ಲಿರುವ ವಸ್ತು ಅದು.

2015ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ ಎಲ್ಲರೂ ಹುಬ್ಬೇರಿಸಿದರು. ತಿಂದು ತಿಂದು ದಪ್ಪವಾದ ಇಲಿಗಳು ಮೊದಲ ವಾರದಲ್ಲೇ ಊಟವನ್ನು ಶೇ 80ರಷ್ಟು ತಗ್ಗಿಸಿದವು, ಮೂರು ವಾರದಲ್ಲಿ ದೇಹತೂಕದ ಶೇ 45ರಷ್ಟು ಇಳಿದವು. ತೆಳ್ಳಗಿನ ಇಲಿಗಳಲ್ಲಿ ಇಂಥ ಪರಿಣಾಮ ಆಗಲಿಲ್ಲ. ಇಡೀ ಪ್ರಯೋಗದಲ್ಲಿ ನನಗೆ ಹೆಚ್ಚು ಹಿಡಿಸುವುದು ಮುಂದಿನ ಪರೀಕ್ಷೆ. ಕೋಲ್ಮನ್ ಬಳಸಿದ ಅವೇ ಒಬಿ, ಡಿಬಿ ತಳಿಗಳಿಗೆ ಸೆಲಾಸ್ಟ್ರಾಲ್ ಕೊಟ್ಟರು. ಒಂದಕ್ಕೆ ಲೆಪ್ಟಿನ್ನೇ ಇಲ್ಲ, ಇನ್ನೊಂದಕ್ಕೆ ಅದರ ಗ್ರಾಹಿ ಇಲ್ಲ. ಎರಡರಲ್ಲೂ ತೂಕ ಇಳಿಯಲಿಲ್ಲ. ಅಂದರೆ ಇದು ವಿಷ ತಿಂದು ಹೊಟ್ಟೆ ಕೆಟ್ಟು ಸೊರಗಿದ್ದಲ್ಲ, ಲೆಪ್ಟಿನ್‌ನ ಕಿವಿ ತೆರೆದದ್ದೇ ಕಾರಣ. 2019ರಲ್ಲಿ ಅದೇ ತಂಡ ಇನ್ನೊಂದು ತಿರುವು ಕಂಡಿತು. ಐಎಲ್-1 ಎಂಬ ಉರಿಯೂತದ ಸಂದೇಶವನ್ನು ಸ್ವೀಕರಿಸುವ ಗ್ರಾಹಿಯನ್ನು ತೆಗೆದುಹಾಕಿದ ಇಲಿಗಳಲ್ಲಿ ಸೆಲಾಸ್ಟ್ರಾಲ್ ಕೆಲಸ ಮಾಡಲೇ ಇಲ್ಲ. ಉರಿಯೂತವೆಂದರೆ ಬರೀ ಕೆಡುಕು, ಅದನ್ನು ಒರೆಸಿಹಾಕಿದರೆ ಮುಗಿಯಿತು ಎಂಬ ಸರಳ ಲೆಕ್ಕಕ್ಕೆ ಇದು ಒಗ್ಗುವುದಿಲ್ಲ.

ಇನ್ನೊಂದು ವಸ್ತು ನಮ್ಮ ಮನೆಬಾಗಿಲಿನದು. 2016ರಲ್ಲಿ ಅದೇ ತಂಡ, ಅದೇ ವಿಧಾನದ ಮುಂದುವರಿಕೆಯಾಗಿ, ವಿಥಾಫೆರಿನ್-ಎ ಕೂಡ ಲೆಪ್ಟಿನ್‌ನ ಕಿವಿ ತೆರೆಯುತ್ತದೆ ಎಂದು ಪ್ರಕಟಿಸಿತು. ಇದು ಇರುವುದು ಅಶ್ವಗಂಧದಲ್ಲಿ, ನಮ್ಮವರು ಹಿರೇಮದ್ದು ಎನ್ನುವ ಗಿಡದಲ್ಲಿ. ದಪ್ಪ ಇಲಿಗಳ ತೂಕ ಶೇ 20ರಿಂದ 25ರಷ್ಟು ಇಳಿಯಿತು, ರಕ್ತದ ಸಕ್ಕರೆಯೂ ಸುಧಾರಿಸಿತು.

ಈ ಸಾಲು ಓದಿ ಅಶ್ವಗಂಧದ ಡಬ್ಬಿಗೆ ಕೈಹಾಕುವ ಮೊದಲು ಕೆಲವು ಸಂಗತಿ ಗೊತ್ತಿರಲಿ. ಇಲಿಗೆ ಕೊಟ್ಟದ್ದು ಶುದ್ಧೀಕರಿಸಿದ ಒಂದೇ ರಾಸಾಯನಿಕ, ಅದೂ ಚುಚ್ಚುಮದ್ದಾಗಿ. ಅಂಗಡಿಯ ಚೂರ್ಣ ಬೇರಿನದು. ವಿಥಾಫೆರಿನ್-ಎ ಹೆಚ್ಚಿರುವುದು ಎಲೆಯಲ್ಲಿ. ಎಲೆಯನ್ನು ಬಳಸಬೇಡಿ, ಬೇರನ್ನಷ್ಟೇ ಬಳಸಿ ಎಂದು 2021ರಲ್ಲಿ ಆಯುಷ್ ಸಚಿವಾಲಯ ತಯಾರಕರಿಗೆ ಸಲಹೆ ಕೊಟ್ಟಿತ್ತು. ಇದೇ ವಸ್ತು ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲದೇ ಎಂದೂ ಪರೀಕ್ಷಿಸುತ್ತಿದ್ದಾರೆ, ಹಾಗಾಗಿ ಅದನ್ನು ಸಾಧು ವಸ್ತು ಎಂದು ತಿಳಿಯುವಂತಿಲ್ಲ. ಅಶ್ವಗಂಧ ಸೇವಿಸಿದವರಲ್ಲಿ ಯಕೃತ್ತಿಗೆ ಪೆಟ್ಟಾದ ವರದಿಗಳು ಹಲವು ದೇಶಗಳಿಂದ ಬಂದಿವೆ. ಎಲ್ಲಕ್ಕಿಂತ ತಮಾಷೆಯೆಂದರೆ, ಆಯುರ್ವೇದ ಅಶ್ವಗಂಧವನ್ನು ಎಣಿಸುವುದು ಬೃಂಹಣ ದ್ರವ್ಯಗಳಲ್ಲಿ, ಅಂದರೆ ಮೈ ತುಂಬಿಸುವವುಗಳ ಸಾಲಿನಲ್ಲಿ. ಸೊರಗಿದ ಮಕ್ಕಳಿಗೆ ಹಾಲು ತುಪ್ಪದ ಜೊತೆ ಕೊಡುತ್ತಿದ್ದ ಮದ್ದು ಅದು. ಒಂದು ಗಿಡದ ಒಂದು ಅಣು ಮಾಡುವ ಕೆಲಸವನ್ನು ಇಡೀ ಗಿಡದ ಗುಣವೆಂದು ತಿಳಿಯಬಾರದು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಚೀನಾದ ಆ ಬಳ್ಳಿಯಂತೂ ಇನ್ನೂ ಅಪಾಯಕಾರಿ. ಗಂಡಸರ ಸಂತಾನಶಕ್ತಿಗೆ ಕುತ್ತು ತರುವುದು, ಯಕೃತ್ತು ಮೂತ್ರಪಿಂಡಗಳಿಗೆ ಹಾನಿ ಮಾಡುವುದು ಅದರ ವಿಷಯದಲ್ಲಿ ಹಳೆಯ ದೂರು.

ಬಾಯಿಹುಣ್ಣಿನ ಮುಲಾಮು, ಆಸ್ಪಿರಿನ್‌ನ ದಾಯಾದಿ

ಹೊಸ ಅಣು ಹುಡುಕಿ ಔಷಧ ಮಾಡುವುದು ಹತ್ತಾರು ವರ್ಷದ ಬಾಬತ್ತು. ಅದಕ್ಕಿಂತ, ಈಗಾಗಲೇ ಬಳಕೆಯಲ್ಲಿರುವ ಔಷಧವೊಂದು ಈ ಕೆಲಸಕ್ಕೆ ಬರುತ್ತದೆಯೇ ಎಂದು ನೋಡುವುದು ಜಾಣತನ. ಮಿಶಿಗನ್ ವಿಶ್ವವಿದ್ಯಾಲಯದ ಆ್ಯಲನ್ ಸಾಲ್ಟಿಯಲ್ ತಂಡ ಮಾಡಿದ್ದು ಅದನ್ನೇ. ಉರಿಯೂತದ ಸರಪಳಿಯಲ್ಲಿ ಟಿಬಿಕೆ-1, ಐಕೆಕೆ-ಎಪ್ಸಿಲಾನ್ ಎಂಬ ಎರಡು ಕಿಣ್ವಗಳಿವೆ. ಇವನ್ನು ಅಡಗಿಸುವ ವಸ್ತು ಯಾವುದೆಂದು ಜಾಲಾಡಿದಾಗ ಆಮ್ಲೆಕ್ಸನಾಕ್ಸ್ ಸಿಕ್ಕಿತು. ಅಮೆರಿಕದಲ್ಲಿ ಬಾಯಿಹುಣ್ಣಿಗೆ ಹಚ್ಚುವ ಮುಲಾಮು, ಜಪಾನಿನಲ್ಲಿ ಉಬ್ಬಸಕ್ಕೆ ನುಂಗುವ ಮಾತ್ರೆ ಎಂದು ಅದು ಆಗಲೇ ಬಳಕೆಯಲ್ಲಿತ್ತು. 2013ರಲ್ಲಿ ಇಲಿಗಳಲ್ಲಿ ತೂಕ ಇಳಿಯಿತು, ಸಕ್ಕರೆ ಸುಧಾರಿಸಿತು. 2017ರಲ್ಲಿ ಟೈಪ್ 2 ಮಧುಮೇಹವಿದ್ದ 42 ಜನರಲ್ಲಿ ಕೆಲವರಿಗೆ ಇದನ್ನು, ಉಳಿದವರಿಗೆ ಹುಸಿ ಮಾತ್ರೆಯನ್ನು 12 ವಾರ ಕೊಟ್ಟು ನೋಡಿದಾಗ, ಮದ್ದು ಪಡೆದವರಲ್ಲಿ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ಅಳತೆ) ಸ್ವಲ್ಪ ಇಳಿಯಿತು. ಆದರೆ ಫಲ ಎಲ್ಲರಿಗೂ ಸಮನಾಗಿ ಸಿಗಲಿಲ್ಲ. ಶುರುವಿನಲ್ಲೇ ಮೈಯಲ್ಲಿ ಉರಿಯೂತದ ಗುರುತು ಹೆಚ್ಚಿದ್ದ ಒಂದು ಗುಂಪಿಗೆ ಚೆನ್ನಾಗಿ ಹತ್ತಿತು, ಉಳಿದವರಿಗೆ ಇಲ್ಲ.

ಇನ್ನೊಂದು ಹಳೆಯ ಪರಿಚಯ ಸಾಲ್ಸಲೇಟ್, ಆಸ್ಪಿರಿನ್‌ನ ದಾಯಾದಿ. ಈ ಕುಲದ ಔಷಧಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಮೂತ್ರದ ಸಕ್ಕರೆ ಇಳಿಯುತ್ತದೆ ಎಂದು ಜರ್ಮನಿಯ ವೈದ್ಯ ಎಬ್‌ಸ್ಟೈನ್ 1876ರಲ್ಲೇ ಗಮನಿಸಿದ್ದ. ಕಾರಣ ಗೊತ್ತಾಗಲು 2001 ಬರಬೇಕಾಯಿತು: ಐಕೆಕೆ-ಬೀಟಾವನ್ನು ಅವು ತಡೆಯುತ್ತವೆ. ಬಾಸ್ಟನ್‌ನ ಜೋಸ್ಲಿನ್ ಮಧುಮೇಹ ಕೇಂದ್ರದವರು ಮುಂದಾಳಾಗಿ ನಡೆಸಿ 2013ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 286 ಮಧುಮೇಹಿಗಳನ್ನು 48 ವಾರ ಗಮನಿಸಿದರು. ಸಾಲ್ಸಲೇಟ್ ಪಡೆದವರಲ್ಲಿ ಎಚ್‌ಬಿಎ1ಸಿ ಹುಸಿ ಮಾತ್ರೆ ಪಡೆದವರಿಗಿಂತ ಶೇ 0.37 ಅಂಶ ಹೆಚ್ಚು ಇಳಿಯಿತು. ತೂಕ? ಅದು ಸ್ವಲ್ಪ ಏರಿತು.

ಏರಿತು. ನಾವು ಅಂದುಕೊಂಡ ಕಥೆಗೆ ಪೂರ್ತಿ ವಿರುದ್ಧ. ಇದು ಆಕಸ್ಮಿಕವೂ ಅಲ್ಲ. ಸೋರಿಯಾಸಿಸ್, ಸಂಧಿವಾತಗಳಿಗೆ ಟಿಎನ್‌ಎಫ್ ಎಂಬ ಉರಿಯೂತದ ಅಣುವನ್ನು ತಡೆಯುವ ಚುಚ್ಚುಮದ್ದು ಪಡೆಯುವವರಲ್ಲೂ ತೂಕ ಏರುವುದನ್ನು ವೈದ್ಯರು ಕಾಣುತ್ತಾರೆ. ಐಎಲ್-1 ಬೀಟಾವನ್ನು ತಡೆಯುವ ಕೆನಕಿನುಮಾಬ್ ಎಂಬ ಔಷಧವನ್ನು 10,061 ಹೃದ್ರೋಗಿಗಳಲ್ಲಿ ಪರೀಕ್ಷಿಸಿದಾಗ ರಕ್ತದ ಉರಿಯೂತ ಖಂಡಿತ ಇಳಿಯಿತು, ಹೃದಯಾಘಾತವೂ ತುಸು ಕಡಿಮೆಯಾಯಿತು, ಆದರೆ ಹೊಸದಾಗಿ ಮಧುಮೇಹ ಬರುವುದು ತಪ್ಪಲಿಲ್ಲ.

ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಜಾಗದ್ದು. ಇಂಥ ಚುಚ್ಚುಮದ್ದುಗಳು ದೊಡ್ಡ ಗಾತ್ರದ ಪ್ರೋಟೀನುಗಳು, ರಕ್ತದಿಂದ ಮಿದುಳಿಗೆ ದಾಟುವುದು ಬಲು ಕಡಿಮೆ. ಕಂಪೀನಸ್ ತಂಡ ಟಿಎನ್‌ಎಫ್ ತಡೆಯುವ ಪ್ರತಿಕಾಯವನ್ನು ಇಲಿಯ ಮಿದುಳಿಗೇ ಕೊಳವೆಯ ಮೂಲಕ ಬಿಟ್ಟಾಗ ಯಕೃತ್ತಿನ ಸಕ್ಕರೆ ನಿರ್ವಹಣೆ ಸುಧಾರಿಸಿತ್ತು. ಮನುಷ್ಯರ ತಲೆಗೆ ಕೊಳವೆ ಹಾಕಿ ಬೊಜ್ಜು ಇಳಿಸುವ ಚಿಕಿತ್ಸೆಯನ್ನು ಯಾರೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಎರಡನೆಯದು ಪ್ರಮಾಣದ್ದು, ಮತ್ತು ಇದೇ ಹೆಚ್ಚು ಸ್ವಾರಸ್ಯದ್ದು. ಜ್ವರ ಬಂದವರನ್ನು ನೋಡಿ. ಅವರ ಮೈಯಲ್ಲಿ ಉರಿಯೂತ ಉಚ್ಛ್ರಾಯದಲ್ಲಿರುತ್ತದೆ, ಆದರೆ ಊಟ ಸೇರುವುದಿಲ್ಲ, ಎರಡು ಗುಟುಕು ಗಂಜಿ ಇಳಿಸುವುದೇ ಕಷ್ಟ. ಕ್ಯಾನ್ಸರ್, ಕ್ಷಯದಲ್ಲಿ ಮೈ ಸೊರಗುವುದಕ್ಕೂ ಇದೇ ಅಣುಗಳ ಕೈವಾಡವಿದೆ. ಟಿಎನ್‌ಎಫ್‌ಗೆ ಮೊದಲು ಇಟ್ಟಿದ್ದ ಒಂದು ಹೆಸರು ಕೆಕೆಕ್ಟಿನ್, ಅಂದರೆ ಸೊರಗಿಸುವ ವಸ್ತು. ಹಾಗಿದ್ದ ಮೇಲೆ ಅದೇ ಉರಿಯೂತ ಬೊಜ್ಜಿನಲ್ಲಿ ತಿನ್ನುವುದನ್ನು ಹೆಚ್ಚಿಸುವುದು ಹೇಗೆ? ತೀವ್ರವಾಗಿ ಎದ್ದಾಗ ಅದು ಹಸಿವನ್ನು ಕೊಲ್ಲುತ್ತದೆ, ಮಂದವಾಗಿ ತಿಂಗಳುಗಟ್ಟಲೆ ನಿಂತಾಗ ಲೆಪ್ಟಿನ್, ಇನ್ಸುಲಿನ್‌ಗಳ ದಾರಿಯನ್ನು ಕೆಡಿಸುತ್ತದೆ ಎಂಬುದು ಈಗಿನ ತಿಳಿವಳಿಕೆ. ಕಂಪೀನಸ್‌ನವರೇ 2011ರಲ್ಲಿ ತೆಳ್ಳಗಿನ ಇಲಿಗಳ ಹೈಪೋಥಲಾಮಸ್‌ಗೆ ತೀರಾ ಕಡಿಮೆ ಟಿಎನ್‌ಎಫ್ ಕೊಟ್ಟು ನೋಡಿದರು. ಜ್ವರದಲ್ಲಿ ಆಗುವಂತೆ ಅವು ಸೊರಗಲಿಲ್ಲ. ಮೈ ಬಿಸಿ ಹುಟ್ಟಿಸುವ ಶಕ್ತಿ ಕುಗ್ಗಿ, ಇನ್ಸುಲಿನ್ ಪ್ರತಿರೋಧ ಕಾಣಿಸಿಕೊಂಡಿತು. ಹೀಗಿರುವಾಗ ಇಡೀ ಮೈಯ ಉರಿಯೂತವನ್ನು ಒಟ್ಟಿಗೆ ತಗ್ಗಿಸುವ ಔಷಧದಿಂದ ತೂಕ ಯಾವ ಕಡೆಗೆ ವಾಲುತ್ತದೆ ಎಂದು ಮೊದಲೇ ಹೇಳುವುದು ಸುಲಭವಲ್ಲ.

ಕೋಶದ ವಿಷಯದಲ್ಲೂ ಇದೇ ಗೋಜಲು. ಉರಿಯೂತ ನರಕೋಶದೊಳಗಷ್ಟೇ ನಡೆಯುವುದಿಲ್ಲ, ಪಕ್ಕದಲ್ಲಿರುವ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳ ಪಾತ್ರ ದೊಡ್ಡದು. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸುನೀಲ್ ಕೋಲಿವಾಡ್ ತಂಡ 2017ರಲ್ಲಿ ಔಷಧ ಕೊಟ್ಟು ಇಲಿಗಳ ಮೈಕ್ರೋಗ್ಲಿಯಾವನ್ನೇ ಬರಿದು ಮಾಡಿದಾಗ, ಜಿಡ್ಡಿನ ಆಹಾರ ಹಾಕಿದರೂ ಅವು ತಿನ್ನುವುದು ತಗ್ಗಿತು, ತೂಕ ಅಷ್ಟು ಏರಲಿಲ್ಲ. ಜಿಡ್ಡಿಲ್ಲದ ಊಟದಲ್ಲೇ ಮೈಕ್ರೋಗ್ಲಿಯಾವನ್ನು ಜೀನು ತಿದ್ದಿ ಕೆರಳಿಸಿದಾಗ ಇಲಿಗಳು ಹೆಚ್ಚು ತಿಂದು ದಪ್ಪವಾದವು. ಕಥೆ ಮುಗಿಯಿತು ಎನ್ನುವಷ್ಟರಲ್ಲಿ, 2023ರಲ್ಲಿ ಸಿಯಾಟಲ್ ತಂಡ ಇನ್ನೊಂದು ಮಗ್ಗುಲು ತೋರಿಸಿತು: ಮೈಕ್ರೋಗ್ಲಿಯಾದ ಅದೇ ಉರಿಯೂತ ತೂಕವನ್ನು ಏರಿಸುವಾಗಲೇ ರಕ್ತದ ಸಕ್ಕರೆಯ ನಿರ್ವಹಣೆಯನ್ನು ಸುಧಾರಿಸುತ್ತದೆ. ಅದನ್ನು ಪೂರ್ತಿ ನಂದಿಸಿದರೆ ತೂಕ ಇಳಿದು ಸಕ್ಕರೆ ಕೆಡಬಹುದು. ಮೈಕ್ರೋಗ್ಲಿಯಾ ಇಲ್ಲದ ಮಿದುಳು ಸೋಂಕು ಬಂದಾಗ ಏನು ಮಾಡೀತು ಎಂಬುದು ಬೇರೆಯೇ ಪ್ರಶ್ನೆ.

ಬೇರೆ ದಾರಿಯಿಂದ ಬಂದವರು

ಉರಿಯೂತದ ಬೆನ್ನುಹತ್ತಿದವರು ಹೀಗೆ ಸಿಕ್ಕಿನಲ್ಲಿ ಒದ್ದಾಡುತ್ತಿರುವಾಗ, ಕರುಳಿನ ಹಾರ್ಮೋನ್ ಒಂದನ್ನು ಹಿಡಿದು ಹೊರಟವರು ಗುರಿ ಮುಟ್ಟಿದರು. ಜಿಎಲ್‌ಪಿ-1 ಎಂಬ ಆ ಹಾರ್ಮೋನನ್ನು ಅನುಕರಿಸುವ ಸೆಮಾಗ್ಲುಟೈಡ್ 68 ವಾರದಲ್ಲಿ ಸರಾಸರಿ ಶೇ 14.9ರಷ್ಟು ತೂಕ ಇಳಿಸಿತು. ಜಿಐಪಿ ಎಂಬ ಇನ್ನೊಂದು ಕರುಳಿನ ಹಾರ್ಮೋನನ್ನೂ ಸೇರಿಸಿಕೊಂಡ ಟಿರ್ಜೆಪಟೈಡ್‌ನ ಗರಿಷ್ಠ ಪ್ರಮಾಣ 72 ವಾರದಲ್ಲಿ ಶೇ 20.9ರಷ್ಟು ಇಳಿಸಿತು. ಕ್ರಮವಾಗಿ ವೆಗೋವಿ, ಮೌಂಜಾರೊ ಎಂಬ ಹೆಸರಲ್ಲಿ 2025ರಲ್ಲಿ ಇವು ಭಾರತದ ಔಷಧಿ ಅಂಗಡಿಗೂ ಬಂದವು. ಇದೇ ಕುಲದ ಹಳೆಯ ಔಷಧ ಲಿರಾಗ್ಲುಟೈಡ್‌ನ ಜೆನೆರಿಕ್ ರೂಪಕ್ಕೆ ಬೆಂಗಳೂರಿನ ಬಯೋಕಾನ್ 2024ರಲ್ಲಿ ಬ್ರಿಟನ್ನಿನ ಒಪ್ಪಿಗೆ ಪಡೆದಿತ್ತು.

ಇವು ಉರಿಯೂತದ ಔಷಧಗಳಲ್ಲ. ಹೈಪೋಥಲಾಮಸ್ ಮತ್ತು ಮಿದುಳಕಾಂಡದ ಗ್ರಾಹಿಗಳನ್ನು ತಟ್ಟಿ ಹಸಿವನ್ನು ತಗ್ಗಿಸುತ್ತವೆ, ಕೆಟ್ಟ ಲೆಪ್ಟಿನ್ ದಾರಿಯನ್ನು ಬಿಟ್ಟು ಪಕ್ಕದ ದಾರಿಯಲ್ಲಿ ಹೋಗುತ್ತವೆ. ಆದರೂ ಉರಿಯೂತದ ಎಳೆ ಇಲ್ಲಿಯೂ ಕಾಣಿಸಿಕೊಂಡಿದೆ. ಟೊರಾಂಟೊದ ಡೇನಿಯಲ್ ಡ್ರಕರ್ ತಂಡ 2024ರಲ್ಲಿ ಇಲಿಗಳಲ್ಲಿ ತೋರಿಸಿದಂತೆ, ಈ ಔಷಧಗಳು ಮೈಯಲ್ಲಿ ಎದ್ದ ಟಿಎನ್‌ಎಫ್ ಅನ್ನು ತಗ್ಗಿಸುತ್ತವೆ, ಮತ್ತು ಮಿದುಳಿನ ಜಿಎಲ್‌ಪಿ-1 ಗ್ರಾಹಿಗಳನ್ನು ಮುಚ್ಚಿದರೆ ಆ ಗುಣ ಹೋಗಿಬಿಡುತ್ತದೆ. ಮೈಯ ಉರಿಯೂತಕ್ಕೆ ಲಗಾಮು ಮಿದುಳಿನಲ್ಲೂ ಇದೆ ಎಂದಾಯಿತು.

ಮದ್ದು ನಿಲ್ಲಿಸಿದರೆ? ಸೆಮಾಗ್ಲುಟೈಡ್ ಬಿಟ್ಟವರಿಗೆ ಒಂದೇ ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಮರಳಿ ಬಂತು. ಉರಿಯೂತದ ಸಿದ್ಧಾಂತ ಮಾನ್ಯವಾಗುವುದಿದ್ದರೆ ಅದು ಉಪಯೋಗಕ್ಕೆ ಬರುವುದು ಇಲ್ಲೇ ಎಂದು ನನ್ನ ಅನಿಸಿಕೆ. ತೂಕ ಇಳಿದ ಮೇಲೂ ಹೈಪೋಥಲಾಮಸ್ ಹಳೆಯ ತೂಕವನ್ನೇ ಸರಿಯೆಂದು ಹಟ ಹಿಡಿಯುವುದಾದರೆ, ಆ ಹಟವನ್ನು ಸಡಿಲಿಸುವ ಔಷಧ ಬೇಕು. ತೂಕ ಇಳಿಸುವ ಕೆಲಸವನ್ನು ಒಂದು ಔಷಧ ಮಾಡಿ, ಇಳಿದದ್ದನ್ನು ಉಳಿಸುವ ಕೆಲಸವನ್ನು ಇನ್ನೊಂದು ಮಾಡುವಂಥ ಜೋಡಿ. ಆ ಎರಡನೆಯ ಔಷಧ ಉರಿಯೂತದ್ದೇ ಆಗಬೇಕೆಂದೇನೂ ಇಲ್ಲ. ಲೆಪ್ಟಿನ್ ಪತ್ತೆ ಮಾಡಿದ ಫ್ರೀಡ್‌ಮನ್ ಅವರ ತಂಡವೇ 2025ರಲ್ಲಿ ಎಂಟಾರ್ ಎಂಬ ಬೇರೊಂದು ಕೊಂಡಿಯತ್ತ ಬೆರಳು ತೋರಿಸಿ, ಅಂಗಾಂಗ ಕಸಿಯಲ್ಲಿ ಬಳಸುವ ರಾಪಮೈಸಿನ್ ಕೊಟ್ಟಾಗ ದಪ್ಪ ಇಲಿಗಳ ಪಿಒಎಂಸಿ ಕೋಶಗಳು ಲೆಪ್ಟಿನ್‌ಗೆ ಮತ್ತೆ ಸ್ಪಂದಿಸಿದ್ದನ್ನು ಪ್ರಕಟಿಸಿದೆ.

ಯಾವ ಕೊಂಡಿಯಾದರೂ ಸರಿ, ಮನುಷ್ಯರಲ್ಲಿ ಪರೀಕ್ಷಿಸುವಾಗ ಎದುರಾಗುವ ತೊಂದರೆ ಒಂದೇ. ಆಮ್ಲೆಕ್ಸನಾಕ್ಸ್ ಯಾರಿಗೆ ಹತ್ತುತ್ತದೆ ಎಂದು ತಿಳಿದದ್ದು ರಕ್ತ ಪರೀಕ್ಷೆಯಿಂದ, ಹೊಟ್ಟೆಯ ಚರ್ಮದಡಿಯ ಕೊಬ್ಬಿನಿಂದ ಸೂಜಿಯಲ್ಲಿ ತೆಗೆದ ಚೂರಿನಿಂದ. ಬದುಕಿರುವವರ ಹೈಪೋಥಲಾಮಸ್‌ನಿಂದ ಚೂರು ತೆಗೆಯುವ ಹಾಗಿಲ್ಲ. ಈಗ ಮುಖ್ಯವಾಗಿ ಇರುವುದು ಎಂಆರ್‌ಐ, ಅದು ತೋರಿಸುವುದೂ ಪರೋಕ್ಷ ಸುಳಿವನ್ನು. ಚಿತ್ರದಲ್ಲಿ ಬೆಳ್ಳಗೆ ಹೊಳೆಯುವ ಜಾಗದಲ್ಲಿ ಇರುವುದು ಉರಿಯೂತವೋ, ಹಳೆಯ ಕಲೆಯೋ, ಬರೀ ನೀರಿನಂಶವೋ ಎಂದು ಖಚಿತವಾಗಿ ಬೇರ್ಪಡಿಸಲು ಅದಕ್ಕೆ ಬರುವುದಿಲ್ಲ. ಅದಕ್ಕೇ ಈಗ ಕೆಲವು ಗುಂಪುಗಳು ಔಷಧವನ್ನು ಬದಿಗಿಟ್ಟು ಸ್ಕ್ಯಾನಿನ ವಿಧಾನವನ್ನೇ ಸುಧಾರಿಸುವುದರಲ್ಲಿ ತೊಡಗಿವೆ. ಯಾರ ಹೈಪೋಥಲಾಮಸ್‌ನಲ್ಲಿ ಉರಿಯೂತವಿದೆ ಎಂದು ಮೊದಲೇ ಆರಿಸಿಕೊಳ್ಳಲಾಗದೆ ನಡೆಸುವ ಪರೀಕ್ಷೆಯಲ್ಲಿ, ಮದ್ದು ಹತ್ತಬಹುದಾದ ಕೆಲವರ ಫಲ ಹತ್ತದವರ ಸರಾಸರಿಯಲ್ಲಿ ಮುಳುಗಿಹೋಗುವ ಸಾಧ್ಯತೆಯೇ ಹೆಚ್ಚು.